ಸಕ್ಕರೆ ಕರಗುವ ಬಾಣಲೆಯಲ್ಲಿ ಉಪ್ಪು ಏಕೆ ಕರಗುವುದಿಲ್ಲ?

ಪ್ರಶ್ನೆ: ಬಾಣಲೆಯಲ್ಲಿ ಸಕ್ಕರೆ ಕಾಯಿಸಿದರೆ ಕರಗಿ ಕೆಂಪಗಾಗುತ್ತದೆ. ಉಪ್ಪನ್ನು ಎಷ್ಟು ಹುರಿದರೂ ಉಪ್ಪಾಗಿಯೇ ಇರುತ್ತದೆ. ನೀರಿಗೆ ಹಾಕಿದರೆ ಮಾತ್ರ ಎರಡೂ ಕರಗುತ್ತವೆ. ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟು ಉಪ್ಪು ಆಗುತ್ತದೆ ಎಂದು ಓದಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಸರ್?
– ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಇದೆ, ನೇರ ಸಂಬಂಧವೇ ಇದೆ. ಒಲೆಯ ಮುಂದೆ ನಿಂತಾಗ ಪಾಠ ನೆನಪಾಯಿತಲ್ಲ, ಬಹಳ ಸಂತೋಷವಾಯಿತಮ್ಮ.

ಸಕ್ಕರೆಯ ಒಂದು ಅಣುವಿನಲ್ಲಿ 12 ಇಂಗಾಲ, 22 ಹೈಡ್ರೋಜನ್, 11 ಆಮ್ಲಜನಕ, ಒಟ್ಟು 45 ಪರಮಾಣುಗಳಿವೆ. ಇವು ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡು ಬಿಗಿಯಾಗಿ ಕೂಡಿವೆ. ಇದು ಸಹವೇಲೆನ್ಸಿ ಬಂಧ. ಆದರೆ ಅಣುವಿಗೂ ಅಣುವಿಗೂ ನಡುವಿನ ಹಿಡಿತ ಅಷ್ಟು ಗಟ್ಟಿಯಲ್ಲ. ಸುಮಾರು 185 ಡಿಗ್ರಿ ಸೆಲ್ಸಿಯಸ್‌ಗೆ ಅದು ಸಡಿಲವಾಗಿ ಅಣುಗಳು ಜಾರತೊಡಗುತ್ತವೆ. ಕೆಂಪಗಾಗಿ ಘಮ ಬರುವಾಗ ಅಣುವಿನೊಳಗಿನ ಬಂಧಗಳೇ ಮುರಿದು ಹೊಸ ಸಂಯುಕ್ತಗಳು ಹುಟ್ಟುತ್ತಿರುತ್ತವೆ. ಆಮೇಲೆ ಎಷ್ಟು ತಣಿಸಿದರೂ ಅದು ಮತ್ತೆ ಬಿಳಿ ಸಕ್ಕರೆಯಾಗದು.

ಉಪ್ಪಿನ ಹರಳಿನಲ್ಲಿ ಅಣು ಎಂಬುದೇ ಇಲ್ಲ. 1913ರಲ್ಲಿ ಭೌತವಿಜ್ಞಾನಿ ಲಾರೆನ್ಸ್ ಬ್ರಾಗ್ ಎಕ್ಸ್-ಕಿರಣಗಳ ನೆರವಿನಿಂದ ಇದನ್ನು ಕಂಡುಕೊಂಡರು: ಪ್ರತಿ ಸೋಡಿಯಂ ಸುತ್ತ 6 ಕ್ಲೋರಿನ್, ಪ್ರತಿ ಕ್ಲೋರಿನ್ ಸುತ್ತ 6 ಸೋಡಿಯಂ. ಇಂಥದ್ದಕ್ಕೆ ಇಂಥದ್ದೇ ಜೊತೆ ಎಂದಿಲ್ಲ. ಹಿರಿಯ ರಸಾಯನ ವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲೂ ಇದನ್ನು ಕಟುವಾಗಿ ವಿರೋಧಿಸಿ ಬರೆದರು.

ಈಗ ನೀನು ಓದಿದ ವಾಕ್ಯಕ್ಕೆ ಬರೋಣ. ‘ಕೊಡುತ್ತದೆ’ ಎಂದರೆ ಸೋಡಿಯಂ ಖುಷಿಯಿಂದ ದಾನ ಮಾಡಿದಂತೆ ಕೇಳಿಸುತ್ತದೆ. ಹಾಗಲ್ಲ, ಕಿತ್ತುಕೊಳ್ಳಬೇಕು. ಅನಿಲ ರೂಪದ 23 ಗ್ರಾಂ ಸೋಡಿಯಂನ ಪ್ರತಿ ಪರಮಾಣುವಿನಿಂದ ಒಂದೊಂದು ಎಲೆಕ್ಟ್ರಾನ್ ಬಿಡಿಸಲು 496 ಕಿಲೋಜೂಲ್ ಶಕ್ತಿ ಬೇಕು. ಅವನ್ನು ಕ್ಲೋರಿನ್ ಪರಮಾಣುಗಳು ಸೇರಿಸಿಕೊಂಡಾಗ ವಾಪಸ್ ಸಿಗುವುದು 349 ಮಾತ್ರ. 147 ಕಿಲೋಜೂಲ್ ನಷ್ಟ! ಆ ಕೊಡುಕೊಳ್ಳುವಿಕೆ ಒಂದನ್ನೇ ನಂಬಿದ್ದರೆ ಉಪ್ಪು ಹುಟ್ಟುತ್ತಲೇ ಇರಲಿಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಧನ ಅಯಾನು, ಅದನ್ನು ಪಡೆದ ಕ್ಲೋರಿನ್ ಋಣ ಅಯಾನು; ಅಯಾನು ಎಂದರೆ ವಿದ್ಯುದಾವೇಶವಿರುವ ಕಣ. ಈ ಧನ, ಋಣ ಅಯಾನುಗಳು ಎಲ್ಲ ದಿಕ್ಕಿನಿಂದ ಒಂದನ್ನೊಂದು ಸೆಳೆದುಕೊಂಡು ಹರಳು ಕಟ್ಟುವಾಗ ಸುಮಾರು 787 ಕಿಲೋಜೂಲ್ ಹೊರಬೀಳುತ್ತದೆ. ನಷ್ಟ ತುಂಬಿ ಇನ್ನೂ ಬೇಕಾದಷ್ಟು ಮಿಗುತ್ತದೆ. ಆ ಸೆಳೆತವೇ ಅಯಾನಿಕ ಬಂಧ. ಪರೀಕ್ಷೆಗೆ ಏನೇ ಬರೆದರೂ ಇದನ್ನು ಮಾತ್ರ ಮರೆಯಬೇಡ.

ಉಪ್ಪು ಬೆಂಕಿಗೆ ಕರಗಬೇಕಾದರೆ ಸಡಿಲಾಗಬೇಕಾದ್ದು ಈ ಸೆಳೆತ. ಅದಕ್ಕೆ 801 ಡಿಗ್ರಿ ಬೇಕು. ಮನೆಯ ಬಾಣಲೆ ಅಷ್ಟು ಕಾಯುವುದಿಲ್ಲ. (ದೃಷ್ಟಿ ತೆಗೆದ ಕಲ್ಲುಪ್ಪು ಒಲೆಯಲ್ಲಿ ಚಟಪಟ ಸಿಡಿಯುವುದು ಬೇರೆ ವಿಷಯ. ಹರಳಿನೊಳಗೆ ಸಿಕ್ಕಿಬಿದ್ದ ನೀರು ಆವಿಯಾಗಿ ಹರಳನ್ನು ಸೀಳುತ್ತದೆ, ಅಷ್ಟೆ.)

ಇನ್ನು ನೀರು. ಬೆಂಕಿಗೂ ನೀರಿಗೂ ನಾವು ‘ಕರಗು’ ಎಂಬ ಒಂದೇ ಮಾತು ಬಳಸುತ್ತೇವೆ, ಆದರೆ ನಡೆಯುವುದು ಬೇರೆ. ನೀರಿನ ಅಣುವಿನ ಆಮ್ಲಜನಕದ ಬದಿ ತುಸು ಋಣ, ಹೈಡ್ರೋಜನ್ ಬದಿ ತುಸು ಧನ. ಹಾಗಾಗಿ ನೀರಿನ ಅಣುಗಳು ಎರಡೂ ಬಗೆಯ ಅಯಾನುಗಳನ್ನು ಮುತ್ತಿ ಹರಳಿನಿಂದ ಒಂದೊಂದಾಗಿ ಬಿಡಿಸಿಕೊಂಡು ಹೋಗುತ್ತವೆ. ಸಕ್ಕರೆಯಲ್ಲಾದರೆ ಅಣು ಇಡಿಯಾಗಿ ಹೊರಡುತ್ತದೆ, ಅದಕ್ಕೆ ವಿದ್ಯುದಾವೇಶವಿಲ್ಲ. 9 ವೋಲ್ಟ್ ಬ್ಯಾಟರಿ, ಎಲ್‌ಇಡಿ, ಎರಡು ಪೆನ್ಸಿಲ್ ಕಡ್ಡಿ ಹೊಂದಿಸಿಕೊಂಡು ನಿಮ್ಮ ವಿಜ್ಞಾನ ಶಿಕ್ಷಕರ ಜೊತೆ ಕೆಲವೇ ಕ್ಷಣ ಪರೀಕ್ಷಿಸಿ ನೋಡು: ಚೆನ್ನಾಗಿ ಉಪ್ಪು ಬೆರೆಸಿದ ನೀರಿನಲ್ಲಿ ದೀಪ ಹೊತ್ತುತ್ತದೆ, ಸಕ್ಕರೆ ನೀರಿನಲ್ಲಿ ಹೊತ್ತುವುದಿಲ್ಲ.