ಕೂಲಿ ಏರಿಸಿದರೂ ಮರ ಹತ್ತುವವರು ಯಾಕೆ ಕಡಿಮೆ ದಿನ ಬರುತ್ತಾರೆ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಮರ ಹತ್ತುವ ಅಣ್ಣ ಒಬ್ಬರಿದ್ದಾರೆ. ಅವರ ಕೂಲಿ ದಿನಕ್ಕೆ 1,200 ರೂಪಾಯಿ ಇತ್ತು. ಈ ವರ್ಷ ಅಕ್ಕಪಕ್ಕದ ತೋಟದವರೆಲ್ಲ ಸೇರಿ 1,500 ಮಾಡಿದೆವು. ಮೊದಲು ತಿಂಗಳಿಗೆ 25 ದಿನ ದುಡಿಯುತ್ತಿದ್ದವರು ಈಗ 20 ದಿನ ಸಾಕು ಅನ್ನುತ್ತಾರೆ. ಬೆಲೆ ಏರಿದರೆ ಪೂರೈಕೆ ಜಾಸ್ತಿ ಆಗಬೇಕು ಅಲ್ವಾ?

ಉತ್ತರ: ನಿಮ್ಮ ಲೆಕ್ಕವನ್ನೇ ಗುಣಿಸಿ ನೋಡಿ. 1,200ರಂತೆ 25 ದಿನಕ್ಕೆ 30,000. 1,500ರಂತೆ 20 ದಿನಕ್ಕೂ 30,000. ಮನೆಗೆ ಬರುವ ದುಡ್ಡು ಅಷ್ಟೇ, ಮೈಗೆ ಐದು ದಿನ ಬಿಡುವು. ಕಾಲಿಗೆ ತಳೆ ಹಾಕಿ ದಿನವಿಡೀ ಮರ ಹತ್ತಿಳಿಯುವವರ ಮಂಡಿಯನ್ನು ನೆನೆಸಿಕೊಳ್ಳಿ. ಇದು ಸೋಮಾರಿತನ ಖಂಡಿತ ಅಲ್ಲ.

ಕೂಲಿ ಏರಿದಾಗ ಎರಡು ಸೆಳೆತ ಇರುತ್ತವೆ. ಮನೆಯಲ್ಲಿ ಕೂತರೆ 1,500 ಹೋಯ್ತಲ್ಲ ಅನ್ನುವುದು ಒಂದು. ಅದು ಬದಲಿ ಪರಿಣಾಮ. ಖರ್ಚಿಗೆ ಸಾಕಾಯ್ತು, ಇನ್ನು ಸುಧಾರಿಸಿಕೊಳ್ಳುವಾ ಅನ್ನುವುದು ಇನ್ನೊಂದು. ಅದು ಆದಾಯ ಪರಿಣಾಮ. ಯಾವುದು ಗೆಲ್ಲುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಲಯೊನೆಲ್ ರಾಬಿನ್ಸ್ 1930ರಲ್ಲೇ ತೋರಿಸಿದ್ದರು. ಎರಡನೆಯದು ಗೆದ್ದರೆ ಪೂರೈಕೆಯ ಗೆರೆ ಹಿಂದಕ್ಕೆ ಬಾಗುತ್ತದೆ, ಅಂದರೆ ಕೂಲಿ ಏರಿದಂತೆ ದುಡಿಯುವ ದಿನ ಕಡಿಮೆಯಾಗುತ್ತದೆ. ನಿಮ್ಮಲ್ಲಿ ಆದದ್ದು ಅದೇ.

ಹಾಗಂತ ಕೂಲಿ ಏರಿಸಿದ್ದು ದಂಡ ಅಲ್ಲ. ಒಬ್ಬರ ದಿನ ಕಡಿಮೆಯಾದರೂ ಒಳ್ಳೆ ಕೂಲಿ ಕಂಡು ಹೊಸಬರು ಬರಬಹುದು. ಕೇರಳದ ಕೂಲಿ ದೇಶದಲ್ಲೇ ಮೇಲಿನದು, ಬಂಗಾಳ, ಅಸ್ಸಾಂನಿಂದ ಜನ ಬರುವುದೂ ಅದಕ್ಕೇ. ಆದರೆ ಅಡಿಕೆ ಮರ ಹತ್ತುವುದು ಬಂದ ದಿನವೇ ಕೈಗೆ ಹತ್ತುವ ಕೆಲಸ ಅಲ್ಲ. ಕೊಳೆರೋಗಕ್ಕೆ ಮದ್ದು ಬಿಡುವಾಗಂತೂ ಕಷ್ಟ. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನ ಕಳೆದು ಇನ್ನೊಮ್ಮೆ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಬಿಡಬೇಕು. ಬಿಸಿಲು ಕಂಡ ನಾಲ್ಕು ದಿನದಲ್ಲಿ ಎಲ್ಲ ತೋಟದವರಿಗೂ ಅದೇ ಅಣ್ಣ ಬೇಕು. ಆಗ 2,000 ಕೊಡುತ್ತೇನೆ ಅಂದರೂ ಅವರು ಇಬ್ಬರಾಗುವುದಿಲ್ಲ. ಪಕ್ಕದ ತೋಟದಿಂದ ನಿಮ್ಮಲ್ಲಿಗೆ ಬರುತ್ತಾರೆ, ಅಷ್ಟೇ.

ಆಳು ಹೆಚ್ಚಬೇಕಾದರೆ ಈ ಕೆಲಸ ಮಾಡಬಲ್ಲವರು ಹೆಚ್ಚಬೇಕು. ನೆಲದಲ್ಲೇ ನಿಂತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಈಗ ಬಳಕೆಯಲ್ಲಿದೆ. ಮರ ಹತ್ತಲಾಗದವರೂ ಕಲಿಯಬಹುದು. ನಾಲ್ಕೈದು ತೋಟದವರು ಸೇರಿ ಒಂದು ತೆಗೆದುಕೊಳ್ಳಿ. ಆ ಅಣ್ಣನ ಹತ್ತಿರವೂ ಮೇ ತಿಂಗಳಲ್ಲೇ ದಿನ ಮಾತಾಡಿಡಿ. ಐದು ದಿನ ರಜೆ ಯಾವಾಗ ಬೇಕು ಅಂತ ಅವರನ್ನೇ ಕೇಳಿ, ಅದನ್ನು ಬಿಟ್ಟು ಉಳಿದ ದಿನ ಹಂಚಿಕೊಳ್ಳಿ.