ಅಪೆಂಡಿಕ್ಸ್ ಹೋಯ್ತು, ಹುಳ ಹೋಯ್ತಾ?

ಪತ್ರ ಬರೆದ ತಾಯಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂಬತ್ತು ವರ್ಷದ ಮಗಳಿಗೆ ರಾತ್ರಿ ಹೊಕ್ಕುಳ ಸುತ್ತ ನೋವು ಶುರುವಾಯಿತು, ಬೆಳಗಾಗುವಷ್ಟರಲ್ಲಿ ಬಲಗಡೆ ಕೆಳಕ್ಕೆ ಇಳಿಯಿತು, ಎರಡು ಸಲ ವಾಂತಿ ಆಯಿತು, ಡಾಕ್ಟರು ಅಪೆಂಡಿಸೈಟಿಸ್ (ಅಪೆಂಡಿಕ್ಸಿನ ಉರಿಯೂತ) ಅಂದರು, ಅವತ್ತೇ ಆಪರೇಷನ್ನೂ ಆಯಿತು. ಮಗು ಮೂರನೇ ದಿನಕ್ಕೆ ಮನೆಗೆ ಬಂತು. ಎಲ್ಲ ಮುಗಿಯಿತು ಅಂದುಕೊಂಡಿದ್ದಾಗ, ತೆಗೆದ ಅಪೆಂಡಿಕ್ಸನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಬಯಾಪ್ಸಿ ರಿಪೋರ್ಟ್ ಬಂತು. ಅಪೆಂಡಿಕ್ಸ್ ಒಳಗೆ ಎಂಟರೋಬಿಯಸ್ ಹುಳ ಕಂಡಿದೆ, ಗೋಡೆಯಲ್ಲಿ ಉರಿಯೂತ ಇಲ್ಲ ಅಂತ ಅದರಲ್ಲಿತ್ತು. ಹುಳದಿಂದ ಅಪೆಂಡಿಸೈಟಿಸ್ ಬರುತ್ತಾ, ಒಂದು ಮಾತ್ರೆಯಲ್ಲಿ ಹೋಗುವುದಕ್ಕೆ ಸುಮ್ನೆ ಮಗುವಿನ ಹೊಟ್ಟೆ ಕೊಯ್ಯಿಸಿದೆವಾ, ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲವಾ ಎಂದು ಕೇಳಿದ್ದೀರಿ. ಕೊನೆಯಲ್ಲಿ ಮಗಳು ಕೇಳಿದ್ದನ್ನೂ ಬರೆದಿದ್ದೀರಿ: “ಅಮ್ಮಾ, ಆ ಹುಳ ಇನ್ನೂ ನನ್ನ ಹೊಟ್ಟೆಯಲ್ಲಿ ಇದೆಯಾ?”

ನಿಮ್ಮ ಪತ್ರದಲ್ಲಿ ಒಂದು ವಿಷಯ ಮಾತ್ರ ಇಲ್ಲ. ರಿಪೋರ್ಟ್ ಬಂದ ಮೇಲೆ ಮಗಳಿಗೆ ಹುಳದ ಮಾತ್ರೆ ಕೊಟ್ಟರಾ? ನೀವು ಬರೆಯಲು ಮರೆತಿರಬಹುದು. ಆದರೆ ಕೊಟ್ಟಿಲ್ಲ ಅಂದರೆ, ಈ ಉತ್ತರ ಓದಿ ಮುಗಿಸುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ಅಪೆಂಡಿಕ್ಸ್ ತೆಗೆದರೆ ಅದರೊಳಗೆ ಇದ್ದ ಹುಳಗಳು ಹೋಗುತ್ತವೆ, ಅಷ್ಟೇ. ಕರುಳಿನಲ್ಲಿ ಇರುವವು ಅಲ್ಲೇ ಇರುತ್ತವೆ.

ರಿಪೋರ್ಟಿನಲ್ಲಿ ಅಷ್ಟುದ್ದ ಹೆಸರಿರುವ ಈ ಹುಳ ಅಪರೂಪದ್ದೇನಲ್ಲ. ಪಿನ್‌ವರ್ಮ್ ಅಂತಾರಲ್ಲ, ಅದೇ. ಬಿಳಿ ದಾರದ ತುಂಡಿನ ಹಾಗಿರುತ್ತದೆ. ಹೆಣ್ಣು 8ರಿಂದ 13 ಮಿಲಿಮೀಟರ್ ಉದ್ದ, ಗಂಡು ಅದಕ್ಕಿಂತ ತುಂಬಾ ಚಿಕ್ಕದು. ಇದು ವಾಸ ಮಾಡುವುದು ದೊಡ್ಡ ಕರುಳು ಶುರುವಾಗುವ ಜಾಗದಲ್ಲಿ. ಅಪೆಂಡಿಕ್ಸ್ ನೇತಾಡುವುದೂ ಅಲ್ಲಿಂದಲೇ. ಪಕ್ಕದ ಬಾಗಿಲು ತೆರೆದೇ ಇರುವಾಗ ಹುಳ ಒಳಗೆ ನುಗ್ಗಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಪರಿಚಯದ ಪೆಥಾಲಜಿಸ್ಟ್ ಒಬ್ಬರು ಒಮ್ಮೆ ನನಗೆ ಇಂಥದ್ದೇ ಒಂದು ಸ್ಲೈಡ್ ತೋರಿಸಿದ್ದರು. ಅಪೆಂಡಿಕ್ಸನ್ನು ಬೆಂಡೆಕಾಯಿ ಹೆಚ್ಚಿದ ಹಾಗೆ ಅಡ್ಡಡ್ಡ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಇಟ್ಟಿದ್ದರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗುಲಾಬಿ ಬಣ್ಣದ ದುಂಡನೆ ಗೋಡೆ, ನಡುವೆ ಖಾಲಿ ಜಾಗ, ಆ ಖಾಲಿಯಲ್ಲಿ ಒಂದು ಪುಟ್ಟ ಉಂಗುರ. ಉಂಗುರದ ಎರಡೂ ಪಕ್ಕದಲ್ಲಿ ಎದುರುಬದುರಾಗಿ ಒಂದೊಂದು ಚೂಪು ಮುಳ್ಳು. ಆ ಎರಡು ಮುಳ್ಳು ಕಂಡರೆ ಸಾಕು, ಇದು ಪಿನ್‌ವರ್ಮ್ ಅಂತ ಕಣ್ಣುಮುಚ್ಚಿ ಹೇಳಬಹುದು ಅಂದರು ಅವರು. ಹುಳದ ಮೈಯುದ್ದಕ್ಕೂ ಓಡುವ ಎರಡು ಏಣು ಅಡ್ಡ ಕೊಯ್ದಾಗ ಹಾಗೆ ಕಾಣುತ್ತದಂತೆ. ನಾನು ಗಮನಿಸಿದ್ದು ಇನ್ನೊಂದು. ಹುಳದ ಸುತ್ತಲಿನ ಗೋಡೆಗೆ ಏನೂ ಆಗಿರಲಿಲ್ಲ. ಕೀವಿಲ್ಲ, ಊತವಿಲ್ಲ. ನಿಮ್ಮ ಮಗಳ ರಿಪೋರ್ಟಿನ ಹಾಗೇ.

ಈಗ ನಿಮ್ಮ ಮೊದಲ ಪ್ರಶ್ನೆ. ಅಪೆಂಡಿಕ್ಸ್ ಅಂದರೆ ಒಂದೇ ಕಡೆ ಬಾಯಿ ಇರುವ ಸಣ್ಣ ನಳಿಕೆ. ದೊಡ್ಡವರಲ್ಲಿ ಸುಮಾರು 6ರಿಂದ 10 ಸೆಂಟಿಮೀಟರ್ ಉದ್ದ. ಬಾಯಿ ಮುಚ್ಚಿಕೊಂಡರೆ ಒಳಗಿನ ಲೋಳೆಗೆ ಹೊರಗೆ ಬರಲು ದಾರಿ ಇರುವುದಿಲ್ಲ, ಒತ್ತಡ ಏರುತ್ತದೆ, ಗೋಡೆಗೆ ರಕ್ತ ಸರಿಯಾಗಿ ಸಿಗುವುದಿಲ್ಲ, ಬ್ಯಾಕ್ಟೀರಿಯಾ ಬೆಳೆದು ಕೀವಾಗುತ್ತದೆ, ಬಿಟ್ಟರೆ ಒಡೆಯುತ್ತದೆ. ಮುಚ್ಚುವುದು ಸಾಮಾನ್ಯವಾಗಿ ಗಟ್ಟಿಯಾದ ಮಲದ ಸಣ್ಣ ಉಂಡೆ. ಮಕ್ಕಳಲ್ಲಿ ಒಳಗೋಡೆಯ ಗ್ರಂಥಿಗಳು ಊದಿಕೊಂಡು ಮುಚ್ಚುವುದೂ ಉಂಟು. ಹುಳ ಅಡ್ಡ ಕೂತು ಮುಚ್ಚುವುದು ಅಪರೂಪ, ಆದರೆ ಆಗುತ್ತದೆ. ಬೇಡದ ವಸ್ತು ಅಪೆಂಡಿಕ್ಸಿಗೆ ಸೇರಿಕೊಳ್ಳುವುದು ಹೊಸ ಸಂಗತಿಯೂ ಅಲ್ಲ. 1735ರಲ್ಲಿ ಲಂಡನ್ನಿನಲ್ಲಿ ಕ್ಲಾಡಿಯಸ್ ಅಮ್ಯಾಂಡ್ ಎಂಬ ಸರ್ಜನ್ 11 ವರ್ಷದ ಹುಡುಗನೊಬ್ಬನ ಅಪೆಂಡಿಕ್ಸ್ ತೆಗೆದರು. ದಾಖಲೆಯಲ್ಲಿರುವ ಮೊದಲ ಅಪೆಂಡಿಕ್ಸ್ ಆಪರೇಷನ್ ಅದು. ಹುಡುಗ ನುಂಗಿದ್ದ ಗುಂಡುಸೂಜಿ ಅಪೆಂಡಿಕ್ಸನ್ನು ಚುಚ್ಚಿ ತೂತು ಮಾಡಿತ್ತು.

ಆದರೆ ಪಿನ್‌ವರ್ಮ್ ವಿಷಯದಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ತೆಗೆದ ಅಪೆಂಡಿಕ್ಸುಗಳಲ್ಲಿ ಸಾಮಾನ್ಯವಾಗಿ 100ಕ್ಕೆ ಒಂದೋ ಎರಡೋ ಕಡೆ ಈ ಹುಳ ಸಿಗುತ್ತದೆ, ಸಿಕ್ಕಿದ್ದರಲ್ಲಿ ಬಹಳಷ್ಟಕ್ಕೆ ಉರಿಯೂತವೇ ಇರುವುದಿಲ್ಲ. ಹಾಗಾದರೆ ಹುಳ ಸುಮ್ನೆ ಅಲ್ಲಿತ್ತು, ನೋವಿಗೂ ಅದಕ್ಕೂ ಸಂಬಂಧ ಇಲ್ಲ ಅನ್ನುವವರಿದ್ದಾರೆ. ಉರಿಯೂತ ಇಲ್ಲದಿದ್ದರೂ ಹುಳದ ಕಾಟಕ್ಕೆ ಅಪೆಂಡಿಕ್ಸ್ ಹಿಂಡಿ ಹಿಂಡಿ ಅಪೆಂಡಿಸೈಟಿಸ್ ಹಾಗೇ ನೋವು ಬರುತ್ತದೆ ಅನ್ನುವವರೂ ಇದ್ದಾರೆ. ಕೀವಾದ ಅಪೆಂಡಿಕ್ಸನ್ನು ಹುಳ ಬಿಟ್ಟು ಹೋಗುತ್ತದೆ, ಅದಕ್ಕೇ ಅಲ್ಲಿ ಸಿಗುವುದಿಲ್ಲ ಅನ್ನುವ ವಾದವೂ ಇದೆ. ನನಗೆ ಎರಡನೆಯ ಮಾತು ನಿಮ್ಮ ಮಗಳಿಗೆ ಹೆಚ್ಚು ಹೊಂದುತ್ತದೆ ಅನ್ನಿಸುತ್ತದೆ. ಅವಳ ನೋವು ಸುಳ್ಳಲ್ಲ, ಅಪೆಂಡಿಕ್ಸಿನಲ್ಲಿ ಹುಳ ಇತ್ತು, ಬೇರೆ ಕಾರಣ ಕಾಣಲಿಲ್ಲ.

ಬೇರೆ ಪರಾವಲಂಬಿಗಳೂ ಇವೆ. ಒಂದು ಗೇಣಿಗಿಂತ ಉದ್ದ ಬೆಳೆಯುವ ದುಂಡುಹುಳ ಒಮ್ಮೊಮ್ಮೆ ಅಪೆಂಡಿಕ್ಸಿಗೆ ತೂರಿಕೊಳ್ಳುತ್ತದೆ. ಅಮೀಬಾದಿಂದಲೂ ಆಗಬಹುದು. ಆಫ್ರಿಕಾದ ಹಲವು ಕಡೆ ಶಿಸ್ಟೋಸೋಮಾ ಎಂಬ ಹುಳದ ಮೊಟ್ಟೆಗಳು ಅಪೆಂಡಿಕ್ಸಿನ ಗೋಡೆಯಲ್ಲೇ ಸಿಕ್ಕಿಕೊಂಡು ಗಾಯ ಮಾಡುತ್ತವೆ. ಎಲ್ಲಕ್ಕೂ ಒಂದೇ ಔಷಧಿ ಅಲ್ಲ. ಅದಕ್ಕೇ ರಿಪೋರ್ಟಿನಲ್ಲಿ ಯಾವ ಹುಳ ಅಂತ ಹೆಸರು ಬರೆದಿರುವುದು ಮುಖ್ಯ.

ಆಪರೇಷನ್ ಸುಮ್ನೆ ಆಯಿತಾ? ಇಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ಬೆಳಗ್ಗೆ ಡಾಕ್ಟರ ಮುಂದೆ ಇದ್ದದ್ದು ಬಲಗಡೆ ಮುಟ್ಟಿದರೆ ಕಿರುಚುವ ಮಗು. ಪಿನ್‌ವರ್ಮ್ ಸ್ಕ್ಯಾನಿಂಗಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ರಕ್ತ ಪರೀಕ್ಷೆಯಲ್ಲೂ ಹೆಚ್ಚಾಗಿ ಸುಳಿವು ಸಿಗುವುದಿಲ್ಲ. ಬಹಳಷ್ಟು ಸಲ ಗೊತ್ತಾಗುವುದೇ ಆಪರೇಷನ್ ಟೇಬಲ್ ಮೇಲೆ, ಕೊಯ್ದ ತುದಿಯಿಂದ ಹುಳ ಜೀವಂತ ಹೊರಗೆ ಬಂದಾಗ. ಇಲ್ಲವೇ ನಿಮ್ಮ ಹಾಗೆ ರಿಪೋರ್ಟ್ ಬಂದ ಮೇಲೆ. ಹುಳ ಇರಬಹುದು ಅಂತ ಮಾತ್ರೆ ಕೊಟ್ಟು ಕಾಯುತ್ತಾ ಕೂತು, ಒಳಗೆ ನಿಜವಾಗಿ ಕೀವಾಗಿದ್ದು ಒಡೆದಿದ್ದರೆ? ಇದನ್ನು ಓದುತ್ತಿರುವ ಬೇರೆ ಅಪ್ಪ ಅಮ್ಮಂದಿರಿಗೂ ಹೇಳುತ್ತೇನೆ, ಹೊಕ್ಕುಳ ಹತ್ತಿರ ಶುರುವಾಗಿ ಬಲಗಡೆ ಕೆಳಕ್ಕೆ ಬಂದು ನಿಲ್ಲುವ ನೋವು, ಜೊತೆಗೆ ವಾಂತಿ, ಜ್ವರ, ಊಟ ಬೇಡ ಅನ್ನುವುದು, ಇಷ್ಟು ಇದ್ದರೆ ಮನೆಯಲ್ಲಿ ಹುಳದ ಮಾತ್ರೆ ಕೊಟ್ಟು ನೋಡೋಣ ಅಂತ ದಯವಿಟ್ಟು ಕೂರಬೇಡಿ.

ಇನ್ನು ನೀವು ನಿಮ್ಮನ್ನೇ ದೂರಿಕೊಂಡಿರುವುದು. ನನಗೆ ತುಂಬಾ ಬೇಸರವಾಗಿದ್ದು ಅದನ್ನು ಓದಿ. ಪಿನ್‌ವರ್ಮ್ ಶ್ರೀಮಂತ ದೇಶಗಳ ಮಕ್ಕಳಲ್ಲೂ ಜಾಸ್ತಿ ಇರುವ ಹುಳ. ರಾತ್ರಿ ಮಗು ಮಲಗಿದಾಗ ಹೆಣ್ಣುಹುಳ ಮಲದ್ವಾರದ ಹತ್ತಿರ ಬಂದು 10,000ಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ತುರಿಕೆ ಆಗುತ್ತದೆ, ಮಗು ನಿದ್ದೆಗಣ್ಣಲ್ಲೇ ಕೆರೆದುಕೊಳ್ಳುತ್ತದೆ, ಮೊಟ್ಟೆ ಉಗುರಿನೊಳಗೆ ಸೇರುತ್ತದೆ. ಕೆಲವೇ ಗಂಟೆಯಲ್ಲಿ ಆ ಮೊಟ್ಟೆ ಇನ್ನೊಬ್ಬರಿಗೆ ಅಂಟಲು ತಯಾರು. ಬೆರಳು ಬಾಯಿಗೆ ಹೋದರೆ ಮತ್ತೆ ಶುರು. ಕಣ್ಣಿಗೆ ಕಾಣದ ಮೊಟ್ಟೆ, ಹಾಸಿಗೆಯಲ್ಲಿ, ಆಟದ ಸಾಮಾನಿನಲ್ಲಿ ಎರಡು ಮೂರು ವಾರ ಬದುಕಿರುತ್ತದೆ. ಶಾಲೆಯಲ್ಲಿ ಪಕ್ಕದಲ್ಲಿ ಕೂತ ಮಗುವಿನಿಂದಲೂ ಬರುತ್ತದೆ. ಯಾವ ತಾಯಿ ಇದನ್ನೆಲ್ಲ ಕಾವಲು ಕಾಯಲು ಸಾಧ್ಯ, ಹೇಳಿ? ನಾಯಿ ಬೆಕ್ಕಿನಿಂದ ಇದು ಬರುವುದಿಲ್ಲ, ಸಿಹಿ ತಿಂದಿದ್ದಕ್ಕೂ ಬರುವುದಿಲ್ಲ.

ಮಾಡಬೇಕಾದ ಕೆಲಸ ಜಾಸ್ತಿ ಏನಿಲ್ಲ. ಮಾತ್ರೆ ಮಗಳೊಬ್ಬಳಿಗೇ ಸಾಲದು, ಮನೆಯವರೆಲ್ಲ ಒಂದೇ ದಿನ ತೆಗೆದುಕೊಳ್ಳಬೇಕು. ಗರ್ಭಿಣಿಯರು, ತೀರಾ ಚಿಕ್ಕ ಮಕ್ಕಳು ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಿ. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಅಷ್ಟಾಗಿ ಕೊಲ್ಲುವುದಿಲ್ಲ. ಹಾಗಾಗಿ ಎರಡು ವಾರ ಬಿಟ್ಟು ಇನ್ನೊಂದು ಸಲ. ಜನ ತಪ್ಪಿಸುವುದು ಈ ಎರಡನೇ ಸಲವನ್ನೇ. ಮಾತ್ರೆ ತೆಗೆದುಕೊಂಡ ಮಾರನೇ ಬೆಳಗ್ಗೆ ಹಾಸಿಗೆ ಬಟ್ಟೆ, ಒಳಉಡುಪು ಬಿಸಿನೀರಿನಲ್ಲಿ ಒಗೆಯಿರಿ. ಒದರಬೇಡಿ, ಒದರಿದರೆ ಮೊಟ್ಟೆ ಹಾರುತ್ತದೆ. ಉಗುರು ಗಿಡ್ಡ ಇರಲಿ. ಎದ್ದ ಕೂಡಲೇ ಸ್ನಾನ ಮಾಡಿಸಿ. ಮುಂದೆ ಮತ್ತೆ ಅನುಮಾನ ಬಂದರೆ ಮಲ ಪರೀಕ್ಷೆಯನ್ನು ನಂಬಿ ಕೂರಬೇಡಿ, ಅದರಲ್ಲಿ ಈ ಮೊಟ್ಟೆ ಸಿಗುವುದು ಕಡಿಮೆ. ಬೆಳಗ್ಗೆ ತೊಳೆಯುವ ಮುಂಚೆ ಪಾರದರ್ಶಕ ಟೇಪಿನ ಅಂಟು ಭಾಗವನ್ನು ಮಲದ್ವಾರದ ಸುತ್ತ ಒತ್ತಿ ತೆಗೆದು ಲ್ಯಾಬಿಗೆ ಕೊಡಬೇಕು, ಮೂರು ದಿನ ಬೆನ್ನುಬೆನ್ನಿಗೆ ಮಾಡಿದರೆ ಒಳ್ಳೆಯದು.

ಮಗಳಿಗೆ ಏನು ಹೇಳಬೇಕು? ನಿಜವನ್ನೇ ಹೇಳಿ. ಹೌದು ಪುಟ್ಟಾ, ಒಂದಷ್ಟು ಇನ್ನೂ ಇರಬಹುದು, ಅವು ತುಂಬಾ ಚಿಕ್ಕವು, ಎರಡು ಮಾತ್ರೆಗೆ ಹೋಗುತ್ತವೆ, ಅಮ್ಮನೂ ನಿನ್ನ ಜೊತೆ ನುಂಗುತ್ತಾಳೆ ಅಂತ. ಆಮೇಲೆ ಎರಡನೇ ಮಾತ್ರೆಯ ದಿನವನ್ನು ಅವಳ ಕೈಯಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ.

- ಸಂಪಾದಕ