ಕಲಬುರಗಿ ಬಿಸಿಲಿಗೆ ಯಾವ ಬೋರ್ಡ್, ಯಾವ ಕಾರ್ಡ್?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಕೂಡ ಕಲಿಯುತ್ತಿದ್ದೇನೆ. ರಾತ್ರಿ ತಮ್ಮ ಗೇಮ್ ಆಡುತ್ತಾನೆ. ಹೊಸ ಕಂಪ್ಯೂಟರ್ ನಾವೇ ಜೋಡಿಸಬೇಕು ಅಂತಿದ್ದೇವೆ. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ಐ5-12400ಎಫ್ ಪ್ರೊಸೆಸರ್, ಎಚ್610 ಮದರ್‌ಬೋರ್ಡ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಅಂತ ಕೊಟೇಶನ್ ಕೊಟ್ಟಿದ್ದಾರೆ. ಗೆಳೆಯ ರೈಜೆನ್ 5 5600 ಜೊತೆ ಬಿ450 ಬೋರ್ಡ್ ತಗೋ ಅಂತಾನೆ. ಹಳೆಯ ಕಂಪ್ಯೂಟರಿನ ಡಿಡಿಆರ್4 ರ‍್ಯಾಮ್ 8 ಜಿಬಿಯದು ಎರಡಿವೆ. ನಮ್ಮದು ಮೇಲಿನ ಮಹಡಿ, ಎಸಿ ಇಲ್ಲ. ದುಡ್ಡು ಬೋರ್ಡ್‌ಗೆ ಜಾಸ್ತಿ ಹಾಕಲಾ, ಕಾರ್ಡ್‌ಗೆ ಜಾಸ್ತಿ ಹಾಕಲಾ?

ಉತ್ತರ: ಕಾರ್ಡ್‌ಗೇ ಜಾಸ್ತಿ ಹಾಕಿ. ಆದರೆ ಬೋರ್ಡ್‌ನಲ್ಲಿ ತೀರಾ ಕೆಳಗಿನದಕ್ಕೆ ಇಳಿಯಬೇಡಿ. ಎಸ್‌ಎಂಪಿಎಸ್‌ನಲ್ಲಂತೂ ಉಳಿಸಲು ಹೋಗಲೇಬೇಡಿ. ನಿಮ್ಮ ಕೊಟೇಶನ್‌ನಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಕೊನೆಯ ಸಾಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ರ‍್ಯಾಮ್. 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಕೈಯಲ್ಲಿರುವ 16 ಜಿಬಿ ಬಿಡಬೇಡಿ. ಅದು ಇಲ್ಲದಿದ್ದರೆ ಎಎಂಡಿಯ ಎಎಂ5 ಬೋರ್ಡ್ ತಗೊಳ್ಳಿ ಅನ್ನುತ್ತಿದ್ದೆ. ಆ ಸಾಕೆಟ್‌ಗೆ, ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ, ಮುಂದೆಯೂ ಹೊಸ ಪ್ರೊಸೆಸರ್ ಬರುತ್ತವೆ. ಆದರೆ ಅದಕ್ಕೆ ಡಿಡಿಆರ್5 ಮಾತ್ರ ಕೂರುತ್ತದೆ. ಹಾಗಾಗಿ ನಿಮಗೆ ಉಳಿದಿರುವುದು ಎರಡೇ ದಾರಿ. ಗೆಳೆಯ ಹೇಳಿದ ಎಎಂ4, ಇಲ್ಲವೇ ಅಂಗಡಿಯವರು ಹೇಳಿದ ಇಂಟೆಲ್ ಎಲ್‌ಜಿಎ1700. ಇಂಟೆಲ್‌ನ ಈ ಸಾಕೆಟ್‌ಗೆ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. ಹೆಸರು ಹೆಚ್ಚುಕಡಿಮೆ ಒಂದೇ ಇರುತ್ತದೆ, ಕೊನೆಯಲ್ಲಿ ‘ಡಿ4’ ಅಥವಾ ‘ಡಿಡಿಆರ್4’ ಅಂತ ಇದೆಯೋ ಇಲ್ಲವೋ ಅಷ್ಟೇ ವ್ಯತ್ಯಾಸ. ಡಬ್ಬಿ ಒಡೆಯುವ ಮುಂಚೆ ಓದಿ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರಲ್ಲ.

ಗೆಳೆಯನ ಮಾತು ತಪ್ಪಲ್ಲ. ರೈಜೆನ್ 5 5600 ಒಳ್ಳೆಯ ಪ್ರೊಸೆಸರ್, ಜಾಸ್ತಿ ಬಿಸಿಯೂ ಆಗಲ್ಲ. ತೊಂದರೆ ಇರುವುದು ಬಿ450 ಬೋರ್ಡ್‌ನಲ್ಲಿ. ಅದರ ಪಿಸಿಐಇ ಸ್ಲಾಟ್, ಅಂದರೆ ಕಾರ್ಡ್ ಕೂರುವ ಜಾಗ, 3.0 ಕಾಲದ್ದು. ಆರ್‌ಟಿಎಕ್ಸ್ 3060 ಹದಿನಾರು ಲೇನ್ (ಡೇಟಾ ಓಡುವ ದಾರಿ) ಬಳಸುತ್ತದೆ, ಅದಕ್ಕೆ ಅಲ್ಲಿ ಅಡ್ಡಿಯಿಲ್ಲ. ಆದರೆ ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600 ಥರದ ಕಾರ್ಡ್‌ಗಳು ಎಂಟೇ ಲೇನ್ ಬಳಸುತ್ತವೆ. 4.0 ಸ್ಲಾಟ್‌ನಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ ಹೋಗುವ ಕಡೆ, 3.0ನಲ್ಲಿ 8 ಜಿಬಿ ಮಾತ್ರ ಹೋಗುತ್ತದೆ. ದಿನದ ಕೆಲಸದಲ್ಲಿ ಇದು ಗೊತ್ತೇ ಆಗಲ್ಲ. ಕಾರ್ಡಿನ ಮೆಮೊರಿ ತುಂಬಿದಾಗ ಗೊತ್ತಾಗುತ್ತದೆ. ಎಎಂ4 ಅಂತಲೇ ನಿರ್ಧರಿಸಿದರೆ 4.0 ಸ್ಲಾಟ್ ಇರುವ ಬಿ550 ತಗೊಳ್ಳಿ. ಅದರಲ್ಲೂ 5600ಜಿ ಹಾಕಿದರೆ ಸ್ಲಾಟ್ ಮತ್ತೆ 3.0ಗೇ ಇಳಿಯುತ್ತದೆ, ನೆನಪಿರಲಿ.

ನಿಮ್ಮ ಕೆಲಸ ಮದುವೆ ವಿಡಿಯೊ ಆದ್ದರಿಂದ ನನ್ನ ಒಲವು ಇಂಟೆಲ್ ಕಡೆಗೆ. ಆದರೆ ಆ ‘ಎಫ್’ ಬೇಡ. ಎಫ್ ಇರುವ ಪ್ರೊಸೆಸರ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇರಲ್ಲ. ಸ್ವಲ್ಪ ಜಾಸ್ತಿ ಕೊಟ್ಟು ಬರೀ ಐ5-12400 ಕೇಳಿ. ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ 10 ಬಿಟ್ 4:2:2 ಎಚ್.265 ಅಂತ ಶೂಟ್ ಮಾಡುತ್ತೀರಲ್ಲ, ಆ ಫೈಲ್ ಬಿಚ್ಚುವ ಸರ್ಕ್ಯೂಟ್ ಈ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲೇ ಇದೆ. ಆರ್‌ಟಿಎಕ್ಸ್ 3060ರಲ್ಲಿ ಇಲ್ಲ. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಬಳಸಿಕೊಂಡರೆ, ಅಕ್ಷತೆಯ ಕ್ಲಿಪ್ ಟೈಮ್‌ಲೈನ್‌ನಲ್ಲಿ ಎಳೆದಾಗ ತಡವರಿಸದೆ ಓಡುತ್ತದೆ. ಇನ್ನೊಂದು ಲಾಭ, ನಾಳೆ ಕಾರ್ಡ್ ಕೆಟ್ಟು ವಾರಂಟಿಗೆ ಹೋದರೂ ಬೋರ್ಡ್‌ನ ಎಚ್‌ಡಿಎಂಐ ಪೋರ್ಟ್‌ಗೆ ಮಾನಿಟರ್ ಹಚ್ಚಿ ಕೆಲಸ ಮುಂದುವರಿಸಬಹುದು. ಸೀಸನ್ ಮಧ್ಯೆ ಕೆಲಸ ನಿಲ್ಲಬಾರದು, ಅಲ್ವಾ?

ಇನ್ನು ಬೋರ್ಡ್. ಎಚ್610ಗೆ ನಾನು ಬೇಡ ಅನ್ನುವುದು ಎರಡು ಕಾರಣಕ್ಕೆ. ಅದರಲ್ಲಿ ರ‍್ಯಾಮ್ ಸ್ಲಾಟ್ ಎರಡೇ. ನಿಮ್ಮ ಎರಡು ಕಡ್ಡಿ ಹಾಕಿದರೆ ಮುಗಿಯಿತು. ಬ್ಲೆಂಡರ್ ಸೀನ್ ದೊಡ್ಡದಾಗಿ 32 ಜಿಬಿ ಬೇಕಾದ ದಿನ ಇದ್ದದ್ದನ್ನು ತೆಗೆದಿಡಬೇಕಾಗುತ್ತದೆ. ಎರಡನೆಯದು ಬಿಸಿ. ಪ್ರೊಸೆಸರ್ ಸಾಕೆಟ್ ಪಕ್ಕ ಸಾಲಾಗಿ ಕೂತ ಪುಟ್ಟ ಕಪ್ಪು ಚಿಪ್‌ಗಳೇ ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡುವುದು. ವಿಆರ್‌ಎಂ ಅಂತಾರೆ. ಎಷ್ಟೋ ಎಚ್610 ಬೋರ್ಡ್‌ಗಳಲ್ಲಿ ಇವುಗಳ ಮೇಲೆ ಲೋಹದ ಹೀಟ್‌ಸಿಂಕ್ ಇರುವುದೇ ಇಲ್ಲ. ಏಪ್ರಿಲ್-ಮೇನಲ್ಲಿ ಸರ್ಕಾರಿ ಕಚೇರಿಯನ್ನೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಊರು ನಮ್ಮದು. ಆ ಹೊತ್ತಿನಲ್ಲಿ ಮೇಲಿನ ಮಹಡಿಯ ಕೋಣೆಯಲ್ಲಿ ನೀವು ನಾಲ್ಕು ಗಂಟೆಯ ರೆಂಡರ್ (ಸಿದ್ಧ ವಿಡಿಯೊ ತೆಗೆಯುವ ಕೆಲಸ) ಹಚ್ಚುತ್ತೀರಿ. ಐ5-12400 ಪೂರ್ತಿ ಓಟದಲ್ಲಿ 117 ವ್ಯಾಟ್‌ವರೆಗೆ ಎಳೆಯಬಲ್ಲದು. ಹೀಟ್‌ಸಿಂಕ್ ಇಲ್ಲದ ಬೋರ್ಡ್ ಕಾದರೆ ಪ್ರೊಸೆಸರ್ ವೇಗ ತಾನಾಗೇ ಇಳಿಯುತ್ತದೆ. ನಾಲ್ಕು ರ‍್ಯಾಮ್ ಸ್ಲಾಟ್, ವಿಆರ್‌ಎಂ ಮೇಲೆ ಹೀಟ್‌ಸಿಂಕ್, ಎಸ್‌ಎಸ್‌ಡಿ ಕೂರಿಸಲು ಎರಡು ಎಂ.2 ಸ್ಲಾಟ್ ಇರುವ ಬಿ760 ಡಿಡಿಆರ್4 ಬೋರ್ಡ್ ನೋಡಿ. ಬಿ760ರಲ್ಲೂ ಎರಡೇ ರ‍್ಯಾಮ್ ಸ್ಲಾಟ್ ಇರುವವು ಇವೆ, ಫೋಟೊ ನೋಡಿ ಎಣಿಸಿ. ಇದಕ್ಕಿಂತ ಮೇಲಿನ ಝಡ್790ಗೆ ದುಡ್ಡು ಸುರಿಯುವುದು ನಿಮಗೆ ದಂಡ. ಆ ದುಡ್ಡು ಕಾರ್ಡ್‌ಗೆ ಹೋಗಲಿ.

ಕಾರ್ಡ್ ವಿಷಯದಲ್ಲಿ ಅಂಗಡಿಯವರ ಆಯ್ಕೆ ಸರಿಯಿದೆ, ಒಂದು ಷರತ್ತಿನ ಮೇಲೆ. ಆರ್‌ಟಿಎಕ್ಸ್ 3060 ಎರಡು ಥರ ಇದೆ. 12 ಜಿಬಿಯದು ಒಂದು, 8 ಜಿಬಿಯದು ಇನ್ನೊಂದು. ಎಂಟರದ್ದಕ್ಕೆ ಮೆಮೊರಿಯೂ ಕಡಿಮೆ, ಮೆಮೊರಿ ದಾರಿಯೂ 192 ಬಿಟ್ ಬದಲು 128 ಬಿಟ್. ವೇಗದಲ್ಲೇ ಹಿಂದೆ ಬೀಳುತ್ತದೆ. ಕೊಟೇಶನ್‌ನಲ್ಲೂ ಬಿಲ್‌ನಲ್ಲೂ ‘12 ಜಿಬಿ’ ಅಂತ ಬರೆಸಿಕೊಳ್ಳಿ. ಬ್ಲೆಂಡರ್‌ಗೆ ಎನ್‌ವಿಡಿಯಾ ಕಾರ್ಡ್‌ನ ಆಪ್ಟಿಕ್ಸ್ ಅನ್ನುವ ರೆಂಡರ್ ತಂತ್ರ ತುಂಬಾ ಉಪಯೋಗ. ಸೀನ್ ಕಾರ್ಡಿನ ಮೆಮೊರಿಯೊಳಗೇ ಹಿಡಿದರೆ ರೆಂಡರ್ ಸಲೀಸು. ಅದಕ್ಕೇ ಗೇಮ್‌ನಲ್ಲಿ 4060 ಮುಂದಿದ್ದರೂ, ನಿಮಗೆ 12 ಜಿಬಿಯ ಹಳೆಯ ಕಾರ್ಡೇ ಮೇಲು ಅನ್ನುತ್ತೇನೆ. ತಮ್ಮನಿಗೂ ಸಾಕು. ಬರೀ ಗೇಮ್ ಆಗಿದ್ದರೆ 115 ವ್ಯಾಟ್‌ನ 4060 ತಗೊಳ್ಳಿ ಅನ್ನುತ್ತಿದ್ದೆ, ಕೋಣೆಯೂ ಕಡಿಮೆ ಕಾಯುತ್ತಿತ್ತು.

ಈಗ ಎಸ್‌ಎಂಪಿಎಸ್. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ 450 ನಂಬಬೇಡಿ. ಪಕ್ಕದಲ್ಲಿ ಅಂಟಿಸಿದ ಚೀಟಿ ಓದಿ. ಅದರಲ್ಲಿ +12 ವೋಲ್ಟ್ ಅನ್ನುವ ಕಡೆ ಆಂಪಿಯರ್ ಎಷ್ಟಿದೆ? 18 ಅಂತಿದ್ದರೆ 12×18, ಅಂದರೆ 216 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಬದುಕುವುದು ಈ 12 ವೋಲ್ಟ್ ಮೇಲೆಯೇ. ಕಾರ್ಡ್‌ಗೆ 170, ಪ್ರೊಸೆಸರ್‌ಗೆ 117, ಅಲ್ಲಿಗೇ 287 ಆಯಿತು. ಕಾರ್ಡ್ ಕ್ಷಣಮಾತ್ರ ಇದಕ್ಕಿಂತ ಜಾಸ್ತಿಯೂ ಎಳೆಯುತ್ತದೆ. ಒಳ್ಳೆಯ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಜ್ ದಕ್ಷತೆಯ ದರ್ಜೆಯದು ಹಾಕಿ. ಹೆಸರಿಲ್ಲದ ಎಸ್‌ಎಂಪಿಎಸ್ ಸುಟ್ಟರೆ ಅದೊಂದೇ ಹೋಗಲ್ಲ, ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಮನೆಯ ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹಳೆಯ 600 ವಿಎ ಯುಪಿಎಸ್ ಇದ್ದರೆ ಅದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ರೆಂಡರ್ ನಡೆಯುವಾಗ ಕರೆಂಟ್ ಹೋದರೆ ತಡೆಯುವುದು ಕಷ್ಟ. 1000 ವಿಎ ಬೇಕು.

ಕ್ಯಾಬಿನೆಟ್ ಮುಂದೆ ಗಾಜು ಬೇಡ, ಜಾಲರಿ ಇರಲಿ, ಒಳಗೆ ತೊಳೆಯಬಹುದಾದ ಫಿಲ್ಟರ್ ಇರಲಿ. ಶಹಾಬಾದ್, ವಾಡಿ ಕಡೆಯ ಓದುಗರಿಗೆ ಇದು ಇನ್ನೂ ಮುಖ್ಯ, ಅಲ್ಲಿ ಕಲ್ಲಿನ ಪುಡಿ, ಸಿಮೆಂಟ್ ಧೂಳು ಮನೆಯೊಳಗೇ ಬರುತ್ತದೆ. ಮೇ ತಿಂಗಳಲ್ಲಿ ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಕಾರ್ಡಿನ ಪವರ್ ಲಿಮಿಟ್ ಶೇ 85ಕ್ಕೆ ಇಳಿಸಿಡಿ. ವೇಗ ಅಷ್ಟೇನೂ ಕಡಿಮೆಯಾಗಲ್ಲ, ಬಿಸಿ ಚೆನ್ನಾಗಿ ಇಳಿಯುತ್ತದೆ.

ನಮ್ಮ ಕಡೆಯವರು ಎಷ್ಟೋ ಜನ ಸಿಕಂದರಾಬಾದಿನ ಸಿಟಿಸಿಗೆ, ಅಂದರೆ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗಿ ತರುತ್ತಾರೆ. ಹೋಗಿ, ತಪ್ಪಿಲ್ಲ. ಆದರೆ ಸೆಕೆಂಡ್ ಹ್ಯಾಂಡ್ 3060 ಕೇಳಲೇಬೇಡಿ. 2021ರ ಸುಮಾರಿಗೆ ಇಂಥ ಎಷ್ಟೋ ಕಾರ್ಡ್‌ಗಳು ಹಗಲೂ ರಾತ್ರಿ ಕ್ರಿಪ್ಟೊ ಗಣಿಗಾರಿಕೆಯಲ್ಲಿ ಓಡಿವೆ. ಹೊಸದಕ್ಕೆ ಸೀರಿಯಲ್ ನಂಬರ್ ಇರುವ ಬಿಲ್ ತಗೊಳ್ಳಿ, ಕೆಟ್ಟರೆ ಯಾವ ಊರಿಗೆ ಕಳಿಸಬೇಕು ಅಂತ ದುಡ್ಡು ಕೊಡುವ ಮುಂಚೆ ಕೇಳಿ.

ಪ್ರಶ್ನೆ: ಬೀದರಿನಿಂದ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಹರಾಜಿಗೆ ಬಂದ ಸಣ್ಣ ಕಂಪ್ಯೂಟರ್ ತಂದಿದ್ದೇನೆ. ಎಸ್‌ಎಂಪಿಎಸ್ 240 ವ್ಯಾಟ್. ಮಗಳಿಗೆ ಡಿಸೈನ್ ಕಲಿಯಲು ಅದಕ್ಕೆ ಕಾರ್ಡ್ ಹಾಕಬಹುದಾ?

ಉತ್ತರ: ಹಾಕಬಹುದು. ಸ್ಲಾಟ್ ತಾನೇ 75 ವ್ಯಾಟ್‌ವರೆಗೆ ಕೊಡುತ್ತದೆ. ಅದರೊಳಗೇ ಓಡುವ, ಬೇರೆ ವೈರ್ ಬೇಡದ ಕಾರ್ಡ್ ನಿಮಗೆ ಬೇಕು. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್‌ನದು. 8 ಜಿಬಿ ಮಾದರಿ ಕೊಡಲು ಬಂದರೆ ಬೇಡ ಅನ್ನಿ, ಅದಕ್ಕೆ ಬೇರೆ ವೈರ್ ಬೇಕು. ಕ್ಯಾಬಿನೆಟ್ ತೆಳ್ಳಗಿದ್ದರೆ ಅರ್ಧ ಎತ್ತರದ ಕಾರ್ಡೇ ಬೇಕಾಗುತ್ತದೆ. ಹಿಂಭಾಗದ ತಗಡಿನ ಪಟ್ಟಿ ಅಳೆದು ನೋಡಿ, ಸುಮಾರು 8 ಸೆಂಟಿಮೀಟರ್ ಇದ್ದರೆ ಅರ್ಧದ್ದು, 12 ಇದ್ದರೆ ಪೂರ್ತಿಯದು. ಸ್ಲಾಟ್ ಪಕ್ಕ ಎರಡು ಪಟ್ಟಿಯಷ್ಟು ಜಾಗವೂ ಬೇಕು. ಆ ಪಟ್ಟಿಯ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ.